ಮಾತು ಕೇಳುವ ಮಕ್ಕಳು, ಪ್ರಶ್ನೆ ಕೇಳುವ ಮಕ್ಕಳು

ಜೂನ್ 5 ಬಂತೆಂದರೆ ನಮ್ಮ ಶಾಲೆಗಳಲ್ಲಿ ಪರಿಸರ ಪ್ರೇಮ ಉಕ್ಕಿ ಹರಿಯುತ್ತದೆ. ಮಕ್ಕಳು ಸಾಲಾಗಿ ನಿಲ್ಲುತ್ತಾರೆ, ಅತಿಥಿಗಳು ಗುಣಿಗೆ ಗಿಡ ಇಳಿಸುತ್ತಾರೆ, ಫೋಟೋ ತೆಗೆಯಲಾಗುತ್ತದೆ. ಮರುವರ್ಷ ಅದೇ ಗುಣಿಯಲ್ಲಿ ಇನ್ನೊಂದು ಗಿಡ. ಹಳೆಯ ಗಿಡ ಏನಾಯಿತೆಂದು ಯಾರೂ ವಿಚಾರಿಸುವುದಿಲ್ಲ. 1950ರಲ್ಲಿ ವನಮಹೋತ್ಸವ ಆರಂಭವಾದಂದಿನಿಂದ ನಾವು ನೆಟ್ಟ ಗಿಡಗಳೆಲ್ಲ ಉಳಿದಿದ್ದರೆ ಇಂದು ಊರಿಗೊಂದು ಕಾಡಿರಬೇಕಿತ್ತು.

ಪಾಠಕ್ಕಂತೂ ನಮ್ಮಲ್ಲಿ ಕೊರತೆಯಿಲ್ಲ. 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿಯು ಕಾಡು, ಕೆರೆ, ನದಿ, ವನ್ಯಜೀವಿಗಳ ರಕ್ಷಣೆಯನ್ನೂ ಜೀವಿಗಳ ಮೇಲಿನ ದಯೆಯನ್ನೂ ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯವಾಗಿಸಿತು. 1991ರಲ್ಲಿ ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಪರಿಸರ ಶಿಕ್ಷಣವನ್ನು ಕಡ್ಡಾಯಗೊಳಿಸುವಂತೆ ನಿರ್ದೇಶಿಸಿತು. ಪಠ್ಯ ಬಂತು, ಪರೀಕ್ಷೆ ಬಂತು, ಇಕೋ ಕ್ಲಬ್ಬುಗಳೂ ಬಂದವು. ಆದರೆ ಬೆಂಗಳೂರಿನ ಬೆಳ್ಳಂದೂರು ಕೆರೆ 2015ರಲ್ಲಿಯೂ 2017ರಲ್ಲಿಯೂ ಹೊತ್ತಿ ಉರಿಯಿತು. ಶುದ್ಧೀಕರಿಸದ ಕೊಳಚೆಯನ್ನು ಹೊತ್ತು ನೊರೆ ಕಾರುತ್ತಿದ್ದ ಆ ಕೆರೆಯ ಸುತ್ತ ಬಾಳುವವರಲ್ಲಿ ಪರಿಸರದ ಪಾಠ ಓದಿ ಪಾಸಾದವರು ಕಡಿಮೆಯೇನಿರಲಿಲ್ಲ. ಜಲಮಾಲಿನ್ಯಕ್ಕೆ ಐದು ಕಾರಣಗಳನ್ನು ಬರೆದರೆ ಐದು ಅಂಕ ಸಿಗುತ್ತದೆ. ನಿಮ್ಮೂರಿನ ಕೆರೆಗೆ ಕೊಳಚೆ ಬಿಡುವವರು ಯಾರು, ಅದನ್ನು ತಡೆಯಬೇಕಾದವರು ಯಾರು ಎಂಬ ಪ್ರಶ್ನೆ ಮಾತ್ರ ಯಾವ ಪ್ರಶ್ನೆಪತ್ರಿಕೆಯಲ್ಲೂ ಕಾಣಸಿಗದು.

ಕನ್ನಡದಲ್ಲಿ 'ಕೇಳು' ಎಂಬ ಪದಕ್ಕೆ ಎರಡು ಅರ್ಥಗಳಿವೆ. ಮಾತು ಕೇಳುವುದೂ ಕೇಳುವುದೇ, ಪ್ರಶ್ನೆ ಕೇಳುವುದೂ ಕೇಳುವುದೇ. ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ, ಮದ್ರಸಗಳಲ್ಲಿ ಮೊದಲನೆಯದನ್ನು ನಾವು ಚೆನ್ನಾಗಿ ಕಲಿಸಿದ್ದೇವೆ. ಎರಡನೆಯದನ್ನು ಕಂಡರೆ ನಮಗೆ ಭಯ. ಪ್ರಶ್ನೆ ಕೇಳುವ ಮಗುವಿಗೆ ನಾವು ಕೊಡುವ ಬಿರುದು 'ಅಧಿಕಪ್ರಸಂಗಿ'. ಹೀಗೆ ಬೆಳೆದ ಮಗು ಒಳ್ಳೆಯ ಪ್ರಜೆಯಾಗುತ್ತದೆಯೇ ಅಥವಾ ಬರೀ ವಿಧೇಯ ಪ್ರಜೆಯಾಗುತ್ತದೆಯೇ?

ಈ ಎರಡರ ನಡುವಿನ ಅಂತರ ಎಷ್ಟು ಎಂಬುದನ್ನು 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಬಂದ ಸುದ್ದಿಯೊಂದು ತೋರಿಸಿಕೊಟ್ಟಿತು. ವಸತಿ ಶಾಲೆಯೊಂದರಲ್ಲಿ ದಲಿತ ವಿದ್ಯಾರ್ಥಿಗಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಲಾಗಿತ್ತು. ಸ್ವಚ್ಛತೆಯ ಪಾಠ ಅಲ್ಲಿಯೂ ಇದ್ದಿರಬೇಕು. ಹಿರಿಯರು ಹೇಳಿದರು, ಮಕ್ಕಳು ಮಾತು ಕೇಳಿದರು. 'ನಮ್ಮನ್ನೇ ಏಕೆ?' ಎಂದು ಕೇಳಬಹುದೆಂಬುದನ್ನು ಅವರಿಗೆ ಯಾರು ಕಲಿಸಿದ್ದರು? ಶಾಲೆಯ ಅಂಗಳವನ್ನು ಎಲ್ಲ ಮಕ್ಕಳೂ, ಜೊತೆಗೆ ಶಿಕ್ಷಕರೂ ಸರದಿಯಂತೆ ಗುಡಿಸಿದರೆ ಅದು ಪೌರತ್ವದ ಶಿಕ್ಷಣ. ಪೊರಕೆ ಯಾವಾಗಲೂ ಅದೇ ಜಾತಿಯ, ಅದೇ ಬಡವರ ಮಕ್ಕಳ ಕೈಗೆ ಹೋದರೆ ಅದು ಅನ್ಯಾಯದ ತರಬೇತಿ. ನ್ಯಾಯವಿಲ್ಲದ ಸ್ವಚ್ಛತೆಯನ್ನು ಸುಸ್ಥಿರತೆ ಎಂದು ಕರೆಯಲಾಗದು.

ಆ ಪ್ರಕರಣದಲ್ಲಿ ಶಾಲೆಯ ಹೊಣೆ ಹೊತ್ತವರನ್ನು ಅಮಾನತು ಮಾಡಲಾಯಿತು. ಈ 'ಅಮಾನತು' ಎಂಬ ಪದದ ಗತಿಯನ್ನು ಗಮನಿಸಿ. ಉರ್ದುವಿನಲ್ಲಿ 'ಅಮಾನತ್' ಎಂದರೆ ನಂಬಿಕೆಯಿಂದ ಒಪ್ಪಿಸಿದ ವಸ್ತು. ನೆರೆಯವರು ಊರಿಗೆ ಹೋಗುವಾಗ ನಮ್ಮಲ್ಲಿಟ್ಟು ಹೋದ ಒಡವೆ ಅಮಾನತ್. ಅದನ್ನು ತೊಡುವಂತಿಲ್ಲ, ಮಾರುವಂತಿಲ್ಲ, ಇದ್ದಂತೆಯೇ ಮರಳಿಸಬೇಕು. ಅದೇ ಪದ ಕನ್ನಡದ ಕಚೇರಿ ಸೇರಿ, ನಂಬಿಕೆ ಕೆಡಿಸಿದವರಿಗೆ ಕೊಡುವ ಶಿಕ್ಷೆಯ ಹೆಸರಾಗಿಬಿಟ್ಟಿದೆ!

ಭೂಮಿಯೂ ಅಂತಹ ಅಮಾನತ್ತೇ. 1987ರಲ್ಲಿ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್ ನೇತೃತ್ವದ ವಿಶ್ವಸಂಸ್ಥೆಯ ಆಯೋಗವು, ಮುಂದಿನ ಪೀಳಿಗೆಯ ಅಗತ್ಯಗಳಿಗೆ ಕುತ್ತು ತರದೆ ನಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವುದನ್ನೇ ಸುಸ್ಥಿರ ಅಭಿವೃದ್ಧಿ ಎಂದಿತು. ಆದರೆ ಇಲ್ಲೊಂದು ತೊಡಕಿದೆ. ಒಡವೆ ಇಟ್ಟು ಹೋದ ನೆರೆಯವರು ಮರಳಿ ಬಂದು ಬಾಗಿಲು ತಟ್ಟುತ್ತಾರೆ. ಇನ್ನೂ ಹುಟ್ಟದವರು ಬಂದು ಕೇಳಲಾರರು. ಅವರಿಗೆ ಓಟಿಲ್ಲ, ವಕೀಲರಿಲ್ಲ, ಪತ್ರಿಕೆಯಿಲ್ಲ. ಅವರಿಗೆ ತೀರ ಹತ್ತಿರದಲ್ಲಿರುವವರು ಇಂದು ಶಾಲೆಯ ಬೆಂಚಿನ ಮೇಲೆ ಕುಳಿತಿರುವ ಮಕ್ಕಳು. ಆ ಮಕ್ಕಳ ಬಾಯಿ ಮುಚ್ಚಿಸಿದರೆ ಹುಟ್ಟಲಿರುವವರ ಬಾಯಿಯನ್ನೂ ಮುಚ್ಚಿಸಿದಂತೆ.

ಇದಕ್ಕೊಂದು ದಾರಿ ನಮ್ಮ ರಾಜ್ಯದಲ್ಲೇ ತೆರೆದುಕೊಂಡಿದೆ. 1990ರ ದಶಕದಲ್ಲಿ ಕುಂದಾಪುರದ ಸುತ್ತಲಿನ ಹಳ್ಳಿಗಳಲ್ಲಿ ದುಡಿಯುವ ಮಕ್ಕಳೂ ಸೇರಿ ತಮ್ಮದೇ ಮಕ್ಕಳ ಪಂಚಾಯಿತಿಗಳನ್ನು ಕಟ್ಟಿಕೊಂಡರು. 2006ರಲ್ಲಿ ರಾಜ್ಯ ಸರಕಾರವು ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸಲು ಆದೇಶಿಸಿತು. ಅಲ್ಲಿ ಅಧ್ಯಕ್ಷರು, ಅಧಿಕಾರಿಗಳು ಕುಳಿತಿರುತ್ತಾರೆ, ಮಕ್ಕಳು ಎದ್ದು ನಿಂತು ಕೇಳುತ್ತಾರೆ. ಕುಡಿಯುವ ನೀರು, ಶೌಚಾಲಯದ ಬಾಗಿಲು, ಶಾಲೆಯ ಬಳಿಯ ಕಸದ ರಾಶಿ, ಹಳ್ಳ ದಾಟಲು ಗಟ್ಟಿಯಾದ ಕಾಲುಸಂಕ, ಇವೇ ಅವರ ವಿಷಯಗಳು. ಕೇಳಿದ್ದು ಸಣ್ಣದೆಂದು ಭಾವಿಸಬೇಡಿ. 2022ರ ಮಳೆಗಾಲದಲ್ಲಿ ಉಡುಪಿ ಜಿಲ್ಲೆಯಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ಮಕ್ಕಳ ಪ್ರಶ್ನೆಗೆ ಕೆಲವೊಮ್ಮೆ ಜೀವದಷ್ಟು ಬೆಲೆಯಿರುತ್ತದೆ.

ದುರದೃಷ್ಟವಶಾತ್ ಅನೇಕ ಕಡೆ ಈ ಸಭೆಯೂ ಒಂದು ಆಚರಣೆಯಾಗಿಬಿಟ್ಟಿದೆ. ಶಿಕ್ಷಕರು ಬರೆದುಕೊಟ್ಟ ಪ್ರಶ್ನೆಯನ್ನು ಮಗು ಓದುತ್ತದೆ, 'ಪರಿಶೀಲಿಸಲಾಗುವುದು' ಎಂಬ ಉತ್ತರ ಬರುತ್ತದೆ, ಚಪ್ಪಾಳೆಯೊಂದಿಗೆ ಸಭೆ ಮುಗಿಯುತ್ತದೆ. ಇದರಿಂದ ಮಗು ಕಲಿಯುವುದಾದರೂ ಏನನ್ನು? ಕೇಳಿದರೂ ಏನೂ ಆಗುವುದಿಲ್ಲ ಎಂಬುದನ್ನು. ಕೇಳಲು ಬಿಡದಿರುವುದಕ್ಕಿಂತ ಇದು ಹೆಚ್ಚು ಅಪಾಯಕಾರಿ ಪಾಠ.

'ಮಕ್ಕಳು ಓದಲಿ, ಈ ರಾಜಕೀಯವೆಲ್ಲ ಅವರಿಗೇಕೆ?' ಎಂದು ಹೆತ್ತವರು ಕೇಳುವುದುಂಟು. 'ದೊಡ್ಡವರು ಕೆಡಿಸಿದ್ದನ್ನು ಮಕ್ಕಳ ತಲೆಗೆ ಕಟ್ಟುವುದು ಸರಿಯೇ?' ಎಂಬುದು ಇನ್ನೂ ಗಂಭೀರವಾದ ಆಕ್ಷೇಪ. ಖಂಡಿತ ಸರಿಯಲ್ಲ. ಕೆರೆಯ ಹೂಳೆತ್ತುವ ಹೊಣೆ ಮಕ್ಕಳದ್ದಲ್ಲ, ನಮ್ಮದು. ಗಿಡ ನೆಡಿಸಿ, ಪ್ಲಾಸ್ಟಿಕ್ ಹೆಕ್ಕಿಸಿ ನಮ್ಮ ಕರ್ತವ್ಯವನ್ನು ಅವರಿಗೆ ವರ್ಗಾಯಿಸುವುದು ಪಲಾಯನವೇ ಸರಿ. ಆದರೆ ಕೆಲಸ ಹೊರಿಸುವುದು ಬೇರೆ, ಲೆಕ್ಕ ಕೇಳುವ ಹಕ್ಕು ಕೊಡುವುದು ಬೇರೆ. ಒಡವೆಯನ್ನು ಕಾಯಬೇಕಾದವರು ನಾವು. ಅದು ಎಲ್ಲಿದೆ ಎಂದು ಕೇಳುವ ಅಧಿಕಾರ ಅವರದು.

ಮುಂದಿನ ನವೆಂಬರಿನಲ್ಲಿ ಮಕ್ಕಳ ದಿನಾಚರಣೆಯ ಹೊತ್ತಿಗೆ ಓದುಗರು ತಮ್ಮ ಪಂಚಾಯಿತಿಗೆ ಹೋಗಿ ವಿಚಾರಿಸಲಿ: ಮಕ್ಕಳ ಗ್ರಾಮಸಭೆ ಯಾವಾಗ? ಕಳೆದ ವರ್ಷ ಮಕ್ಕಳು ಕೇಳಿದ್ದೇನು? ಅದರಲ್ಲಿ ಆದದ್ದೆಷ್ಟು? ನಗರದಲ್ಲಿರುವವರು ತಮ್ಮ ಮಕ್ಕಳ ಶಾಲೆಯಲ್ಲಿ ವಿಚಾರಿಸಲಿ: ಇಲ್ಲಿಯ ಕೊಳಚೆ ಎಲ್ಲಿಗೆ ಹೋಗುತ್ತದೆ, ಶೌಚಾಲಯ ತೊಳೆಯುವವರು ಯಾರು? ಹೀಗೆ ವಿಚಾರಿಸುವಾಗ ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ. ಹಿರಿಯರು ಪ್ರಶ್ನೆ ಕೇಳುವುದನ್ನು ಕಂಡ ಮಗುವಿಗೆ ಪೌರತ್ವದ ಪಾಠವನ್ನು ಬೇರೆಯಾಗಿ ಮಾಡಬೇಕಾದ ಅಗತ್ಯ ಬೀಳಲಾರದು.