ಬೆನ್ನು ತಿರುಗಿಸಿ ನಿಂತ ಬಾಲಕ

ಯುದ್ಧಕಾಲದ ಮಕ್ಕಳ ಕಥೆಗಳನ್ನು ಓದಿ ನಾವು ಕಣ್ಣೊರೆಸಿಕೊಳ್ಳುತ್ತೇವೆ. ‘ಎಂಥ ಧೈರ್ಯ!’ ಎಂದು ಕೊಂಡಾಡುತ್ತೇವೆ. ಅಲ್ಲಿಗೆ ನಮ್ಮ ಹೊಣೆ ಮುಗಿಯಿತೇ? ಕಲ್ಪನೆಯ ಮಗುವೊಂದರ ಧೈರ್ಯ ನಮ್ಮ ಬದುಕನ್ನು ಬದಲಿಸಬಲ್ಲುದೇ? ಈ ಪ್ರಶ್ನೆಗೆ ಹಂಝಲನಲ್ಲಿ ಉತ್ತರವಿದೆ.

ಹಂಝಲ ಫೆಲೆಸ್ತೀನಿನ ವ್ಯಂಗ್ಯಚಿತ್ರಕಾರ ನಾಜಿ ಅಲ್ ಅಲಿಯವರ ಸೃಷ್ಟಿ. 1969ರಲ್ಲಿ ಕುವೈತಿನ ಪತ್ರಿಕೆಯೊಂದರಲ್ಲಿ ಮೊದಲು ಕಾಣಿಸಿಕೊಂಡ. ವಯಸ್ಸು ಹತ್ತು; ಬರಿಗಾಲು, ತೇಪೆ ಹಾಕಿದ ಬಟ್ಟೆ, ಮುಳ್ಳಿನಂತೆ ನಿಂತ ಕೂದಲು. ಅರಬಿಯಲ್ಲಿ ಹಂಝಲ್ ಎಂದರೆ ಹಾವುಮೆಕ್ಕೆ, ಮರುಭೂಮಿಯ ಕಹಿಕಾಯಿ. 1948ರಲ್ಲಿ ಗಲಿಲಿಯ ಅಶ್ಶಜರ ಗ್ರಾಮವನ್ನು ತೊರೆದು ಲೆಬನಾನಿನ ನಿರಾಶ್ರಿತರ ಶಿಬಿರ ಸೇರಿದಾಗ ನಾಜಿಯವರಿಗೂ ಹೆಚ್ಚುಕಡಿಮೆ ಅದೇ ಪ್ರಾಯ. ತಾಯ್ನಾಡಿಗೆ ಮರಳುವ ತನಕ ಹಂಝಲ ದೊಡ್ಡವನಾಗುವುದಿಲ್ಲ ಎಂದು ಅವರು ಹೇಳಿದ್ದರು.

1973ರ ಅರಬ್-ಇಸ್ರೇಲ್ ಯುದ್ಧದ ಬಳಿಕ ಹಂಝಲ ಕೈಗಳನ್ನು ಹಿಂದೆ ಕಟ್ಟಿಕೊಂಡು ಓದುಗರಿಗೆ ಬೆನ್ನು ಹಾಕಿ ನಿಂತ. ಅವನ ಮುಖ ನಮಗೆ ಕಾಣದು; ಅವನು ನೋಡುತ್ತಿರುವುದು ಮಾತ್ರ ಕಾಣುತ್ತದೆ. ಕುಸಿದ ಮನೆಗಳು, ಗೋಳಾಡುವ ತಾಯಂದಿರು, ಬೊಜ್ಜು ಬೆಳೆದ ಅಧಿಕಾರಸ್ಥರು. ಇದೆಲ್ಲದರ ಎದುರು ಅವನು ಓಡಿಹೋಗುವುದಿಲ್ಲ, ಕಣ್ಣು ಮುಚ್ಚಿಕೊಳ್ಳುವುದಿಲ್ಲ. ಅವನ ಧೈರ್ಯವೆಂದರೆ ಇದೇ.

ಇನ್ನೊಂದು ಮಾತು. ಹಂಝಲ ಇಸ್ರೇಲಿನ ದೌರ್ಜನ್ಯಕ್ಕೆ ಮಾತ್ರ ಸಾಕ್ಷಿಯಲ್ಲ. ಅರಬ್ ದೊರೆಗಳ ಮೌನಕ್ಕೂ ಫೆಲೆಸ್ತೀನೀ ನಾಯಕರ ತಪ್ಪುಗಳಿಗೂ ಅವನು ಸಾಕ್ಷಿಯಾದ. ಹಾಗಾಗಿ ನಾಜಿಯವರಿಗೆ ಎಲ್ಲ ಕಡೆಯೂ ವಿರೋಧಿಗಳಿದ್ದರು. 1987ರ ಜುಲೈ 22ರಂದು ಲಂಡನಿನಲ್ಲಿ ಅವರಿಗೆ ಗುಂಡು ಹೊಡೆಯಲಾಯಿತು. ಆಗಸ್ಟ್ 29ರಂದು ಅವರು ತೀರಿಕೊಂಡರು. ಆ ಕೊಲೆಗಾಗಿ ಯಾರಿಗೂ ಶಿಕ್ಷೆಯಾಗಿಲ್ಲ.

ನ್ಯಾಯಕ್ಕೆ ಸಾಕ್ಷಿಗಳಾಗಿರಬೇಕು, ಅದು ಸ್ವತಃ ನಮಗೆ, ಹೆತ್ತವರಿಗೆ, ಬಂಧುಗಳಿಗೆ ವಿರುದ್ಧವಾದರೂ ಸರಿ ಎಂಬುದು ಪವಿತ್ರ ಕುರ್‌ಆನಿನ ‘ಅನ್ನಿಸಾ’ ಅಧ್ಯಾಯದ ಆದೇಶ. ನಾವೇನು ಮಾಡುತ್ತಿದ್ದೇವೆ? ಗಾಝಾದ ಮಕ್ಕಳಿಗಾಗಿ ಮರುಗುತ್ತೇವೆ. ಮರುಗಲೇಬೇಕು. ಆದರೆ ವರದಕ್ಷಿಣೆ ಪಡೆದ ಮದುವೆಯಲ್ಲಿ ಉಂಡು, ಹರಸಿ ಬರುತ್ತೇವೆ. ಜಮಾಅತಿನ ಸಭೆಯಲ್ಲಿ ಬಡವನ ಮಾತಿಗೆ ಬೆಲೆ ಸಿಗದಿದ್ದಾಗ ತಲೆತಗ್ಗಿಸಿ ಕೂರುತ್ತೇವೆ. ಅನ್ಯಾಯಕ್ಕೊಳಗಾದವನು ಬೇರೆ ಧರ್ಮದವನಾದರೆ ನಮಗೇಕೆ ಆ ಉಸಾಬರಿ ಎನ್ನುತ್ತೇವೆ. ಈ ರೋಗ ಯಾವ ಸಮುದಾಯವನ್ನೂ ಬಿಟ್ಟಿಲ್ಲ.

ನೋಡುತ್ತಾ ನಿಂತರೆ ಏನಾದೀತು ಎಂದು ಕೇಳಬಹುದು. ಕೆಡುಕನ್ನು ಕಂಡವರು ಕೈಯಿಂದ, ಆಗದಿದ್ದರೆ ನಾಲಗೆಯಿಂದ, ಅದೂ ಆಗದಿದ್ದರೆ ಮನಸ್ಸಿನಿಂದಾದರೂ ವಿರೋಧಿಸಬೇಕು. ಕೊನೆಯದು ವಿಶ್ವಾಸದ ಅತಿ ದುರ್ಬಲ ಸ್ಥಿತಿ ಎಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಹತ್ತರ ನಿರಾಶ್ರಿತ ಬಾಲಕನ ಬಳಿ ಇರುವುದು ಎರಡು ಕಣ್ಣುಗಳು. ನಮಗೆ ಕೈಯೂ ಇದೆ, ನಾಲಗೆಯೂ ಇದೆ. ಅವನು ತನ್ನ ಪಾಲಿನದನ್ನು ಮಾಡಿದ್ದಾನೆ.

ಮಕ್ಕಳು ವೀರರಾಗಬೇಕಾಗಿ ಬರುವುದು ದೊಡ್ಡವರು ತಮ್ಮ ಹೊಣೆ ಮರೆತಾಗ. ಆದ್ದರಿಂದ ಹಂಝಲನನ್ನು ಹೊಗಳಿ ಸುಮ್ಮನಾಗುವುದು ಬೇಡ. ಅವನ ಪಕ್ಕಕ್ಕೆ ಹೋಗಿ ನಿಲ್ಲೋಣ, ಅವನು ನೋಡುತ್ತಿರುವುದನ್ನು ನೋಡೋಣ. ಮೊದಲ ಮಾತನ್ನು ನಮ್ಮ ಮನೆಯಲ್ಲಿ, ನಮ್ಮ ಮೊಹಲ್ಲಾದಲ್ಲಿ ಆಡೋಣ.