ಪ್ರಾರ್ಥನೆಗೆ ಕಟ್ಟಿದ್ದು, ನೋಟಕ್ಕೆ ಸಿಕ್ಕಿದ್ದು

ಯುರೋಪಿನ ನಗರಗಳನ್ನು ನೋಡಲು ಹೊರಡುವ ಗಂಡಹೆಂಡತಿ ಯಾವ ಧರ್ಮದವರೇ ಆಗಿರಲಿ, ಅವರ ಪ್ರವಾಸದ ಪಟ್ಟಿಯಲ್ಲಿ ಚರ್ಚುಗಳಿಗೆ ದೊಡ್ಡ ಪಾಲು ಇದ್ದೇ ಇರುತ್ತದೆ. ಪ್ಯಾರಿಸ್ಸಿನ ನೋತ್ರ್ ದಾಮ್, ಕಲೋನಿನ ಅವಳಿ ಗೋಪುರಗಳ ಕೆಥೆಡ್ರಲ್, ವೆನಿಸ್ಸಿನ ಸಂತ ಮಾರ್ಕನ ಬೆಸಿಲಿಕಾ, ಬಾರ್ಸಿಲೋನಾದ ಸಗ್ರಾದಾ ಫಮೀಲಿಯಾ, ರೋಮಿನ ಸಂತ ಪೀಟರನ ಬೆಸಿಲಿಕಾ, ಎಲ್ಲವೂ ದೇವರ ಆರಾಧನೆಗೆಂದು ಕಟ್ಟಿದವು. ಇಂದು ಒಳಗೆ ಬರುವವರಲ್ಲಿ ಹೆಚ್ಚಿನವರು ಆರಾಧನೆಗೆ ಬಂದವರಲ್ಲ. ಕತ್ತೆತ್ತಿ ನೋಡುತ್ತಾರೆ, ಫೋಟೊ ತೆಗೆಯುತ್ತಾರೆ, ಮುಂದಿನ ಊರಿಗೆ ಹೊರಡುತ್ತಾರೆ. ನಂಬದವರ ನೋಟಕ್ಕೆ ಬಾಗಿಲು ತೆರೆದ ಪೂಜಾಸ್ಥಳ ಪವಿತ್ರವಾಗಿಯೇ ಉಳಿಯುತ್ತದೆಯೇ? ಪಾವಿತ್ರ್ಯ ಇರುವುದು ಕಲ್ಲಿನಲ್ಲೋ, ಅಲ್ಲಿ ನಡೆಯುವ ಪೂಜೆಯಲ್ಲೋ, ಬಂದವರ ಮನಸ್ಸಿನಲ್ಲೋ? ಧರ್ಮಶಾಸ್ತ್ರಕ್ಕೂ ತತ್ತ್ವಶಾಸ್ತ್ರಕ್ಕೂ ಈ ಪ್ರಶ್ನೆ ಹೊಸದಲ್ಲ. ಈಗ ಅದು ಪ್ರತಿದಿನವೂ ಚರ್ಚಿನ ಬಾಗಿಲಿನಲ್ಲೇ ಏಳುತ್ತಿದೆ.

ಬೇರೆಯವರ ಪೂಜಾಸ್ಥಳಗಳನ್ನು ನೋಡುತ್ತ ಊರು ಸುತ್ತಿದವನ ಪ್ರಸಂಗ ಬೈಬಲ್ಲಿನಲ್ಲೇ ಇದೆ. ‘ಅಪೊಸ್ತಲರ ಕೃತ್ಯಗಳು’ ಗ್ರಂಥದ 17ನೆಯ ಅಧ್ಯಾಯದಲ್ಲಿ ಪೌಲನು ಅಥೆನ್ಸಿಗೆ ಬಂದು, ಸಂಗಡಿಗರಿಗಾಗಿ ಕಾಯುತ್ತ ಊರೆಲ್ಲ ಅಡ್ಡಾಡುತ್ತಾನೆ. ಎಲ್ಲಿ ನೋಡಿದರೂ ಮೂರ್ತಿಗಳು. ಅವನ ಮನಸ್ಸು ಕುದಿಯುತ್ತದೆ. ಆದರೂ ಅರಿಯೊಪಾಗವೆಂಬ ಸಭೆಯಲ್ಲಿ ಎದ್ದು ನಿಂತಾಗ, ತಾನು ದಾರಿಯಲ್ಲಿ ಕಂಡ ಒಂದು ಬಲಿಪೀಠದಿಂದಲೇ ಅವನು ಮಾತು ಶುರುಮಾಡುತ್ತಾನೆ. ಹೆಸರು ತಿಳಿಯದ ದೇವರಿಗೆಂದು ಅಥೆನ್ಸಿನವರು ಕಟ್ಟಿಸಿದ ಪೀಠವದು. ಲೋಕವನ್ನು ಸೃಷ್ಟಿಸಿದ ದೇವರು ಮನುಷ್ಯರು ಕಟ್ಟಿದ ಗುಡಿಗಳಲ್ಲಿ ವಾಸಿಸುವವನಲ್ಲ ಎನ್ನುವುದು ಪೌಲನ ವಾದ. ಆ ವಾದವನ್ನು ನಂಬಿದ ಧರ್ಮವೇ ಮುಂದೆ ಯುರೋಪಿನ ತುಂಬ ದೇವಾಲಯಗಳನ್ನು ಕಟ್ಟಿತು. ಅಥೆನ್ಸಿನ ಹಳೆಯ ದೇಗುಲ ಪಾರ್ಥೆನಾನ್ ಕೂಡ ಹಲವು ಶತಮಾನ ಕಾಲ ಯೇಸುವಿನ ತಾಯಿ ಮರಿಯಮ್ಮನ ಚರ್ಚಾಗಿತ್ತು.

ಪೌಲನ ವಾದವನ್ನೂ ಈ ದೇವಾಲಯಗಳನ್ನೂ ಹೊಂದಿಸುವ ದಾರಿಯನ್ನು ಕ್ರೈಸ್ತರಲ್ಲಿ ಒಂದೊಂದು ಪಂಗಡ ಒಂದೊಂದು ಬಗೆಯಲ್ಲಿ ಹುಡುಕಿಕೊಂಡಿತು. ಕ್ಯಾಥೊಲಿಕರಿಗೆ ಚರ್ಚು ವಿಧಿವತ್ತಾಗಿ ದೇವರಿಗೆ ಒಪ್ಪಿಸಿದ ಜಾಗ. ಪರಮಪ್ರಸಾದವನ್ನು, ಅಂದರೆ ಪೂಜೆಯಲ್ಲಿ ಅರ್ಪಿಸಿದ ರೊಟ್ಟಿಯನ್ನು, ಇಟ್ಟಿರುವ ಪುಟ್ಟ ಪೆಟ್ಟಿಗೆಯ ಬಳಿ ಒಂದು ದೀಪ, ಹೆಚ್ಚಾಗಿ ಕೆಂಪು ಗಾಜಿನದು, ಹಗಲಿರುಳು ಉರಿಯುತ್ತದೆ. ಕ್ರಿಸ್ತನು ಅಲ್ಲಿ ಇದ್ದಾನೆ ಎಂಬುದರ ಗುರುತು ಅದು. ಪ್ರವಾಸಿಗರ ಗುಂಪು ಎಷ್ಟೇ ದೊಡ್ಡದಿರಲಿ, ಅವರು ನಂಬಲಿ ಬಿಡಲಿ, ಆ ಸಾನ್ನಿಧ್ಯಕ್ಕೆ ಅದರಿಂದ ಕುಂದಿಲ್ಲ ಎನ್ನುವುದು ಕ್ಯಾಥೊಲಿಕ್ ನಿಲುವು. ಪ್ರಾಟೆಸ್ಟಂಟರಲ್ಲಿ ಅನೇಕರಿಗೆ ಕಟ್ಟಡ ಬರಿಯ ಕಟ್ಟಡ. ಜನ ಕೂಡಿ ದೇವರ ವಾಕ್ಯವನ್ನು ಕೇಳುವ ಹೊತ್ತು ಮಾತ್ರ ಅದು ಚರ್ಚು. ನೆದರ್ಲೆಂಡ್ಸಿನ ಮಾಸ್ಟ್ರಿಕ್ಟಿನಲ್ಲಿ ಡೊಮಿನಿಕನ್ ಸಂನ್ಯಾಸಿಗಳ ಹಳೆಯ ಚರ್ಚೊಂದು ಈಗ ಪುಸ್ತಕದಂಗಡಿ. ಒಳಗೆ ಕಾಲಿಟ್ಟವರಲ್ಲಿ ಒಬ್ಬರಿಗೆ ಅದು ನಷ್ಟವೆನಿಸಿದರೆ ಇನ್ನೊಬ್ಬರಿಗೆ ಸಹಜವೆನಿಸುತ್ತದೆ.

ಹಿಂದಿನವರು ಭಕ್ತಿಗಾಗಿ ಬರುತ್ತಿದ್ದರು, ಈಗಿನವರು ಮೋಜಿಗಾಗಿ ಬರುತ್ತಾರೆ ಎನ್ನುವ ಮಾತು ಪೂರ್ತಿ ನಿಜವಲ್ಲ. 1164ರಲ್ಲಿ ಮಿಲಾನಿನಿಂದ ತಂದ, ಶಿಶು ಯೇಸುವನ್ನು ನೋಡಲು ಬಂದ ಮೂವರು ಜ್ಞಾನಿಗಳದೆಂದು ನಂಬಲಾದ ಅಸ್ಥಿಗಳೇ ಕಲೋನಿಗೆ ಯಾತ್ರಿಕರನ್ನು ಸೆಳೆದವು. ಆ ಯಾತ್ರಿಕರು ಊರಿನ ಸಂತೆಯನ್ನೂ ನೋಡಿಯೇ ಹೋಗುತ್ತಿದ್ದರು. ರೋಮಿನ ಅದ್ಭುತಗಳನ್ನು ವರ್ಣಿಸುವ ಲ್ಯಾಟಿನ್ ಕೈಪಿಡಿ ಹನ್ನೆರಡನೆಯ ಶತಮಾನದ್ದು. ಅದರಲ್ಲಿ ಸಂತರ ಜೊತೆಗೆ ಹಳೆಯ ರೋಮನ್ನರ ಕಟ್ಟಡಗಳೂ ಇವೆ. ಸಾಮಾನ್ಯ ಜನರ ಗುಂಪು ಪ್ರವಾಸಕ್ಕೆ ನಾಂದಿ ಹಾಡಿದ ಥಾಮಸ್ ಕುಕ್ ಬ್ಯಾಪ್ಟಿಸ್ಟ್ ಪಂಗಡದ ಬೋಧಕರಾಗಿದ್ದವರು. 1841ರ ಜುಲೈಯಲ್ಲಿ ಅವರು ಲೆಸ್ಟರಿನಿಂದ ಲಫ್‌ಬರೋಗೆ ಹೊರಡಿಸಿದ ಮೊದಲ ರೈಲು, ಕುಡಿತದ ವಿರುದ್ಧದ ಸಭೆಯೊಂದಕ್ಕೆ ಜನರನ್ನು ಒಯ್ದಿತು. ಯಾತ್ರೆಯ ಸ್ವಲ್ಪ ಅಂಶ ಪ್ರವಾಸದಲ್ಲಿ ಮೊದಲಿನಿಂದಲೂ ಉಳಿದುಬಂದಿದೆ.

ನೋಟ ಮತ್ತು ಪ್ರಾರ್ಥನೆಯ ಸಂಬಂಧವನ್ನು ಆಳವಾಗಿ ಯೋಚಿಸಿದವರಲ್ಲಿ ಇಂಗ್ಲೆಂಡಿನ ಕಲಾವಿಮರ್ಶಕ ಜಾನ್ ರಸ್ಕಿನ್ ಮುಖ್ಯರು. ಕಟ್ಟಾ ಇವಾಂಜೆಲಿಕಲ್ ಪ್ರಾಟೆಸ್ಟಂಟ್ ಮನೆತನದ ಅವರನ್ನು ಪಾದ್ರಿ ಮಾಡಬೇಕೆಂದು ತಾಯಿ ಬಯಸಿದ್ದರು. 1848ರಲ್ಲಿ ಎಫಿ ಗ್ರೇ ಎಂಬವರನ್ನು ಮದುವೆಯಾದ ರಸ್ಕಿನ್, ಮರುವರ್ಷದ ಚಳಿಗಾಲಕ್ಕೆ ಹೆಂಡತಿಯೊಂದಿಗೆ ವೆನಿಸ್ಸಿಗೆ ಬಂದರು. ಆಸ್ಟ್ರಿಯದ ಸೇನೆಯ ಮುತ್ತಿಗೆಗೆ ಆ ನಗರ ಕೆಲವೇ ತಿಂಗಳ ಹಿಂದೆ ಶರಣಾಗಿತ್ತು. ರಸ್ಕಿನ್ ಕಂಬದ ಬೋದಿಗೆಗಳ ಮೇಲೆ ಹತ್ತಿ ಅಳತೆ ತೆಗೆಯುತ್ತ, ಮೈಯೆಲ್ಲ ಧೂಳು ಮಾಡಿಕೊಂಡು ಚಿತ್ರ ಬಿಡಿಸುತ್ತಿದ್ದರು. ಸುತ್ತ ನಿಂತು ಬೆರಗಾಗಿ ನೋಡುವವರ ಪರಿವೆ ಅವರಿಗಿರಲಿಲ್ಲ ಎಂಬುದು ಎಫಿ ಮನೆಗೆ ಬರೆದ ಕಾಗದಗಳಿಂದ ತಿಳಿಯುತ್ತದೆ. ಎಫಿಯವರ ಕಣ್ಣು ಬದುಕಿರುವ ವೆನಿಸ್ಸಿನ ಮೇಲಿತ್ತು: ನೃತ್ಯಕೂಟಗಳು, ಆಸ್ಟ್ರಿಯದ ಸೇನಾಧಿಕಾರಿಗಳು, ಊರಿನ ದೊಡ್ಡ ಮನೆತನಗಳು. ಒಂದೇ ಊರು, ಒಂದೇ ಹೋಟೆಲು. ಇಬ್ಬರು ಕಂಡದ್ದು ಎರಡು ವೆನಿಸ್. 1854ರಲ್ಲಿ ಆ ಮದುವೆ ರದ್ದಾಯಿತು, ಅದಕ್ಕೆ ಕಾರಣ ಬೇರೆ. ಆದರೆ ಪ್ರವಾಸದಲ್ಲಿ ಜೊತೆಗಿರುವವರೆಲ್ಲ ಒಂದೇ ವಸ್ತುವನ್ನು ನೋಡುತ್ತಿರುತ್ತಾರೆ ಎಂದು ತಿಳಿಯುವುದು ಎಷ್ಟು ಅವಸರದ ಮಾತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಆ ಪ್ರವಾಸಗಳಿಂದ ಹುಟ್ಟಿದ ಗ್ರಂಥ 1851ರಿಂದ 1853ರ ನಡುವೆ ಮೂರು ಸಂಪುಟಗಳಲ್ಲಿ ಬಂದ ‘ದಿ ಸ್ಟೋನ್ಸ್ ಆಫ್ ವೆನಿಸ್’. ಸಂತ ಮಾರ್ಕನ ಬೆಸಿಲಿಕಾದ ಅಧ್ಯಾಯದಲ್ಲಿ ರಸ್ಕಿನ್ ಒಂದು ಸಂಗತಿಯನ್ನು ಗಮನಿಸುತ್ತಾರೆ, ಅದು ಅವರನ್ನು ಕಾಡುತ್ತದೆ. ಹೊರಗೆ ಚೌಕದಲ್ಲಿ ಕಾಫಿ ಅಂಗಡಿಗಳು, ಆಟಿಕೆ ಮಾರುವವರು, ಸೇನೆಯ ಬ್ಯಾಂಡು. ಅಲ್ಲಿ ಓಡಾಡುವ ಯಾರೂ ಚರ್ಚಿನತ್ತ ಕಣ್ಣೆತ್ತುವುದಿಲ್ಲ. ಒಳಗಿನ ಮಬ್ಬುಗತ್ತಲೆಯಲ್ಲಿ ಮಾತ್ರ ಯಾವ ಹೊತ್ತಿಗೆ ಹೋದರೂ ಮೊಣಕಾಲೂರಿದ ಜನ ಇದ್ದೇ ಇರುತ್ತಾರೆ. ಅವರ ತಲೆಯ ಮೇಲೆ, ಚಾವಣಿಯ ತುಂಬ, ಚಿನ್ನದ ಹಿನ್ನೆಲೆಯ ಮೊಸಾಯಿಕ್ ಚಿತ್ರಗಳಲ್ಲಿ ಇಡೀ ಬೈಬಲ್ ಕಥೆ ಹರಡಿಕೊಂಡಿದೆ. ಪ್ರಾರ್ಥಿಸುವವರು ಅದನ್ನು ನೋಡುವುದೇ ಇಲ್ಲ. ಅವರ ಭಕ್ತಿಗೆ ಕತ್ತಲೆ, ಧೂಪ, ದೀಪ ಸಾಕು. ಕಟ್ಟಡದ ಚೆಲುವನ್ನು ಕಂಡವರು ಪ್ರಾರ್ಥಿಸುವುದಿಲ್ಲ, ಪ್ರಾರ್ಥಿಸುವವರು ಚೆಲುವನ್ನು ಕಾಣುವುದಿಲ್ಲ ಎಂಬ ಈ ಕಂದರ ರಸ್ಕಿನ್ನರಿಗೆ ನೋವು ತಂದಿತು. ಆದರೆ ಅವರು ಭಕ್ತರಿಗೆ ಇಲ್ಲಿ ಪೂರ್ತಿ ನ್ಯಾಯ ಮಾಡಿಲ್ಲ. ತಲೆಯ ಮೇಲೆ ಆ ಚಿನ್ನದ ಬೆಳಕು ಇರುವುದನ್ನು ಬಲ್ಲವನು ಪ್ರತಿದಿನ ಕತ್ತೆತ್ತಿ ನೋಡಲೇಬೇಕೆಂದಿಲ್ಲ.

ಜರ್ಮನಿಯ ತತ್ತ್ವಜ್ಞಾನಿ ಹೆಗೆಲ್ ರಸ್ಕಿನ್ನರಿಗಿಂತ ಮೊದಲೇ ಇಂಥ ಕಂದರಕ್ಕೆ ಚರಿತ್ರೆಯಲ್ಲಿ ಕಾರಣ ಹುಡುಕಿದ್ದರು. ಬರ್ಲಿನ್ನಿನಲ್ಲಿ ಕಲೆಯ ಬಗ್ಗೆ ಮಾಡಿದ ಉಪನ್ಯಾಸಗಳಲ್ಲಿ ಅವರು ಹೇಳಿದ್ದರ ತಿರುಳು ಇಷ್ಟು: ಮರಿಯಮ್ಮನ ಚಿತ್ರವನ್ನು ಜನ ಈಗಲೂ ಮೆಚ್ಚುತ್ತಾರೆ, ಆದರೆ ಅದರ ಮುಂದೆ ಮೊಣಕಾಲೂರುವುದಿಲ್ಲ, ಸತ್ಯವನ್ನು ಕಾಣಿಸುವ ಅತ್ಯುನ್ನತ ಸಾಧನವಾಗಿದ್ದ ಕಾಲ ಕಲೆಯ ಪಾಲಿಗೆ ಮುಗಿಯಿತು. ಹೆಗೆಲ್ ಆದ ಸುಮಾರು ನೂರು ವರ್ಷಗಳ ನಂತರ, 1930ರ ದಶಕದಲ್ಲಿ, ಚಿಂತಕ ವಾಲ್ಟರ್ ಬೆಂಜಮಿನ್ ಕಲಾಕೃತಿಗೆ ಎರಡು ಬೆಲೆಗಳಿವೆ ಎಂದರು. ಒಂದು ಪೂಜೆಯದು, ಇನ್ನೊಂದು ಪ್ರದರ್ಶನದ್ದು. ಪೂಜೆಯ ವಸ್ತು ಇದ್ದರೆ ಸಾಕು, ಎಲ್ಲರಿಗೂ ಕಾಣಬೇಕಾಗಿಲ್ಲ. ಕೆಲವು ಮರಿಯಮ್ಮನ ಮೂರ್ತಿಗಳು ವರ್ಷದ ಬಹುಕಾಲ ಪರದೆಯ ಹಿಂದೆಯೇ ಇರುತ್ತಿದ್ದವು. ಮಧ್ಯಯುಗದ ಕೆಥೆಡ್ರಲ್ಲುಗಳ ಮೇಲಿನ ಕೆಲವು ಶಿಲ್ಪಗಳು ನೆಲದಲ್ಲಿ ನಿಂತವರಿಗೆ ಕಾಣುವುದೇ ಇಲ್ಲ.

ಈ ಮಾತಿನ ಅರ್ಥ ಸ್ಪಷ್ಟವಾಗಬೇಕಾದರೆ ಫ್ರಾನ್ಸಿನ ಕೊಲ್ಮಾರಿಗೆ ಹೋಗಬೇಕು. ಅಲ್ಲಿನ ಉಂಟರ್‌ಲಿಂಡನ್ ಸಂಗ್ರಹಾಲಯದಲ್ಲಿ ಮಥಿಯಾಸ್ ಗ್ರೂನೆವಾಲ್ಡ್ 1512ರಿಂದ 1516ರ ಸುಮಾರಿಗೆ ಬರೆದ ಈಸನ್‌ಹೈಮ್ ಬಲಿಪೀಠದ ಚಿತ್ರಗಳಿವೆ. ಅವುಗಳನ್ನು ಬರೆಸಿದ್ದು ಸಂತ ಅಂತೋಣಿಯ ಹೆಸರಿನ ಸಂನ್ಯಾಸಿಗಳು. ಬೂಷ್ಟು ಹಿಡಿದ ರೈ ಧಾನ್ಯದ ರೊಟ್ಟಿ ತಿಂದು ಕೈಕಾಲು ಸುಟ್ಟಂತೆ ಉರಿದು ಕೊಳೆಯುವ ರೋಗಿಗಳನ್ನು ಅವರು ಆರೈಕೆ ಮಾಡುತ್ತಿದ್ದರು. ಶಿಲುಬೆಯ ಮೇಲಿನ ಕ್ರಿಸ್ತನ ಮೈ ಹಸಿರುಗಟ್ಟಿದೆ. ಚರ್ಮದ ತುಂಬ ಮುಳ್ಳು ನಾಟಿದ ಗಾಯಗಳು. ಬೆರಳುಗಳು ಯಾತನೆಯಲ್ಲಿ ಸೆಟೆದು ಮೇಲಕ್ಕೆ ಚಾಚಿವೆ. ರೋಗಿಗಳು ಆ ಮೈಯಲ್ಲಿ ತಮ್ಮ ಮೈಯನ್ನೇ ಕಂಡರು. ಸಾಮಾನ್ಯ ದಿನಗಳಲ್ಲಿ ಅವರ ಕಣ್ಣಿಗೆ ಬೀಳುತ್ತಿದ್ದದ್ದು ಈ ಚಿತ್ರವೇ. ಹಬ್ಬಗಳು ಬಂದಾಗ ಬಾಗಿಲಿನಂತಿದ್ದ ಹಲಗೆಗಳು ತೆರೆದು, ಒಳಗಿನ ಪುನರುತ್ಥಾನದ ಕ್ರಿಸ್ತನು ಕೆಂಪು ಹಳದಿ ಪ್ರಭೆಯ ನಡುವೆ ಗಾಯ ಮಾಯ್ದ ಬೆಳ್ಳನೆಯ ಮೈಯಲ್ಲಿ ಕಾಣಿಸುತ್ತಿದ್ದನು. ಅದಕ್ಕಾಗಿ ಅವರು ಕಾಯಬೇಕಾಗಿತ್ತು, ಅಷ್ಟರ ತನಕ ಬದುಕಿರಬೇಕಾಗಿತ್ತು. ಸಂಗ್ರಹಾಲಯದಲ್ಲಿ ಹಲಗೆಗಳನ್ನು ಬಿಡಿಸಿ, ಎಲ್ಲ ಮುಖಗಳೂ ಒಟ್ಟಿಗೆ ಕಾಣುವಂತೆ ನಿಲ್ಲಿಸಿದ್ದಾರೆ. ಚಿತ್ರಕಲೆಯನ್ನು ಅಭ್ಯಾಸ ಮಾಡುವವರಿಗೆ ಇದು ದೊಡ್ಡ ಉಪಕಾರ. ಆದರೆ ಅರ್ಧ ಗಂಟೆಯಲ್ಲಿ ಶುಕ್ರವಾರದ ಶಿಲುಬೆಯನ್ನೂ ಭಾನುವಾರದ ಪುನರುತ್ಥಾನವನ್ನೂ ನೋಡಿ ಮುಗಿಸುವವರಿಗೆ, ರೋಗಿಗೆ ಸಿಕ್ಕ ಚಿತ್ರ ಸಿಗುವುದಿಲ್ಲ.

ಕರ್ನಾಟಕದವರಿಗೆ ಪೂಜೆ, ಪ್ರದರ್ಶನಗಳ ಈ ಅಂತರದ ಒಂದು ರೂಪ ಹಂಪಿಯಲ್ಲೇ ಪರಿಚಿತ. ವಿರೂಪಾಕ್ಷನ ಗುಡಿಯಲ್ಲಿ ಇಂದಿಗೂ ಪೂಜೆಯಿದೆ, ಚಪ್ಪಲಿ ಹೊರಗೆ ಬಿಡುತ್ತಾರೆ. ವಿಜಯ ವಿಠ್ಠಲನ ಗರ್ಭಗುಡಿ ಬರಿದು. ಅಲ್ಲಿ ಟಿಕೆಟ್ ಪಡೆದು ಕಲ್ಲಿನ ರಥ ನೋಡುತ್ತಾರೆ.

ಟಿಕೆಟ್ಟಿನ ವಿಷಯ ಬಂದಾಗ ಈ ತತ್ತ್ವದ ಪ್ರಶ್ನೆ ಆಡಳಿತದ ಪ್ರಶ್ನೆಯಾಗುತ್ತದೆ. ಫ್ರಾನ್ಸಿನಲ್ಲಿ 1905ರ ಕಾಯ್ದೆ ಧರ್ಮವನ್ನೂ ಸರ್ಕಾರವನ್ನೂ ಬೇರ್ಪಡಿಸಿದಾಗ ಹಳೆಯ ಕೆಥೆಡ್ರಲ್ಲುಗಳು ಸರ್ಕಾರದ ಆಸ್ತಿಯಾಗಿ, ಪೂಜೆಗೆ ಚರ್ಚಿನ ಕೈಯಲ್ಲೇ ಉಳಿದವು. 2019ರ ಏಪ್ರಿಲ್ 15ರಂದು ಬೆಂಕಿಗೆ ತುತ್ತಾದ ನೋತ್ರ್ ದಾಮ್ 2024ರ ಡಿಸೆಂಬರಿನಲ್ಲಿ ಮತ್ತೆ ತೆರೆಯುವ ಮೊದಲು, ಪ್ರವಾಸಿಗರಿಂದ 5 ಯೂರೊ ಪಡೆದು ಆ ಹಣವನ್ನು ಹಳೆಯ ಚರ್ಚುಗಳ ದುರಸ್ತಿಗೆ ಬಳಸೋಣ ಎಂದು ಸಂಸ್ಕೃತಿ ಸಚಿವೆ ರಶೀದಾ ದಾತಿ ಸೂಚಿಸಿದರು. ಪ್ಯಾರಿಸ್ಸಿನ ಚರ್ಚು ಒಪ್ಪಲಿಲ್ಲ. ಬಾಗಿಲಿನಲ್ಲಿ ಯಾತ್ರಿಕನಾರು, ಪ್ರವಾಸಿಯಾರು ಎಂದು ವಿಂಗಡಿಸಲು ಹೊರಟರೆ ಎರಡೂ ಆಗಿರುವವನಿಗೆ ಜಾಗ ಇರುವುದಿಲ್ಲ. ಈ ವಿಷಯದಲ್ಲಿ ಚರ್ಚಿನ ನಿಲುವೇ ಸರಿ. ರೋಮಿನ ಪ್ಯಾಂಥಿಯನ್ 609ರಿಂದ ಚರ್ಚಾಗಿದೆ; 2023ರ ಜುಲೈಯಿಂದ ಅಲ್ಲಿ ನೋಡುವವರಿಗೆ ಟಿಕೆಟ್ ಇದೆ, ಪೂಜೆಗೆ ಬಂದವರಿಗೆ ಇಲ್ಲ. ಬಾರ್ಸಿಲೋನಾದ ಸಂಗತಿ ಇನ್ನೂ ವಿಚಿತ್ರ. 1882ರಲ್ಲಿ ಆರಂಭವಾದ ಸಗ್ರಾದಾ ಫಮೀಲಿಯಾ ಪಾಪಪರಿಹಾರದ ಗುಡಿ. ಭಕ್ತರ ಕಾಣಿಕೆಯಿಂದಲೇ ಅದು ಮೇಲೇಳಬೇಕು ಎನ್ನುವುದು ಮೂಲ ಸಂಕಲ್ಪ. ಈಗ ಕಟ್ಟಡದ ಖರ್ಚನ್ನು ಮುಖ್ಯವಾಗಿ ಹೊರುತ್ತಿರುವುದು ಪ್ರವಾಸಿಗರ ಟಿಕೆಟ್ ಹಣ. ನಂಬದವರ ಕಾಸಿನಿಂದಲೂ ಗೋಪುರ ಏಳುತ್ತಿದೆ, 2010ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರೇ ಬಂದು ಅದನ್ನು ದೇವರಿಗೆ ಒಪ್ಪಿಸಿದ್ದಾರೆ. ಕಾಣಿಕೆ ಕೊಡುವವನ ಮನಸ್ಸನ್ನು ಅಳೆದು ಕಲ್ಲು ಇಡುವ ಪದ್ಧತಿ ಹಿಂದೆಯೂ ಇರಲಿಲ್ಲ.

ನೋಡಲು ಬಂದವನು ಬರಿಯ ನೋಡುಗನಾಗಿಯೇ ಉಳಿಯುತ್ತಾನೆಂಬ ಖಾತ್ರಿಯೂ ಇಲ್ಲ. ಇದಕ್ಕೆ ರಸ್ಕಿನ್ನರೇ ಒಂದು ಸಾಕ್ಷಿ. 1858ರ ಬೇಸಿಗೆಯಲ್ಲಿ ತೂರಿನ್ ನಗರದಲ್ಲಿ ಒಂದು ಭಾನುವಾರ ಅವರು ಪ್ರಾಟೆಸ್ಟಂಟರ ಸಣ್ಣ ಪ್ರಾರ್ಥನಾಲಯಕ್ಕೆ ಹೋದರು. ಕೆಲವೇ ಮಂದಿಗೆ ಮೋಕ್ಷ, ಉಳಿದ ಲೋಕಕ್ಕೆಲ್ಲ ನಾಶ ಎಂಬಂಥ ಬೋಧನೆ ಅಲ್ಲಿ ಕಿವಿಗೆ ಬಿತ್ತು. ಅದೇ ಊರಿನ ಚಿತ್ರಶಾಲೆಯಲ್ಲಿ ಚಿತ್ರಕಾರ ವೆರೊನೀಸನ ಸೊಲೊಮೋನ ಮತ್ತು ಶೆಬದ ರಾಣಿಯ ಚಿತ್ರ ಬಿಸಿಲಿನಲ್ಲಿ ಬೆಳಗುತ್ತಿತ್ತು. ಬಾಲ್ಯದಿಂದ ಹೊತ್ತು ತಂದ ಇವಾಂಜೆಲಿಕಲ್ ನಂಬಿಕೆಯನ್ನು ಅವರು ಆ ಊರಿನಲ್ಲಿ ಕೈಬಿಟ್ಟರು. ಇಂಥ ವೈಭವವನ್ನು ಮನುಷ್ಯನ ಕೈಗೆ ಕೊಟ್ಟ ದೇವರು, ಅದನ್ನು ದ್ವೇಷಿಸುವವರ ಪಕ್ಷದಲ್ಲಿರಲಾರ ಎಂದು ಅವರಿಗೆ ಅನಿಸಿತು.

ಸಿಮೋನ್ ವೇಯ್ ಹೋದ ದಾರಿ ಇದಕ್ಕೆ ತಿರುಗುಮುರುಗು. ಪ್ಯಾರಿಸ್ಸಿನ ಯಹೂದಿ ಮನೆತನದಲ್ಲಿ, ಪೂಜೆ ಪ್ರಾರ್ಥನೆಗಳಿಲ್ಲದ ವಾತಾವರಣದಲ್ಲಿ ಬೆಳೆದ ಈ ತತ್ತ್ವಶಾಸ್ತ್ರಜ್ಞೆ 1937ರಲ್ಲಿ ಇಟಲಿ ನೋಡಲು ಹೋಗಿ ಅಸ್ಸೀಸಿಯಲ್ಲಿ ಎರಡು ದಿನ ತಂಗಿದರು. ಅಲ್ಲಿ ಸಾಂತಾ ಮರಿಯಾ ದೇಲಿ ಆಂಜೆಲಿ ಎಂಬ ದೊಡ್ಡ ಚರ್ಚಿನ ಗುಮ್ಮಟದ ಕೆಳಗೆ, ಸಂತ ಫ್ರಾನ್ಸಿಸ್ ಪ್ರಾರ್ಥಿಸುತ್ತಿದ್ದ ಪುಟ್ಟ ಕಲ್ಲಿನ ಗುಡಿಯಿದೆ. ಅದರೊಳಗೆ ಒಬ್ಬರೇ ಇದ್ದಾಗ, ತಮಗಿಂತ ಬಲವಾದ ಯಾವುದೋ ಒಂದು, ಜೀವನದಲ್ಲಿ ಮೊದಲ ಬಾರಿಗೆ ತಮ್ಮನ್ನು ಮೊಣಕಾಲೂರುವಂತೆ ಮಾಡಿತು ಎಂದು 1942ರಲ್ಲಿ ಫಾದರ್ ಪೆರೆನ್ ಎಂಬ ಪಾದ್ರಿಗೆ ಬರೆದ ಕಾಗದದಲ್ಲಿ ಅವರು ಹೇಳಿಕೊಂಡಿದ್ದಾರೆ. ಆಮೇಲೂ ದೀಕ್ಷಾಸ್ನಾನಕ್ಕೆ ಒಪ್ಪದೆ ಚರ್ಚಿನ ಹೊಸ್ತಿಲ ಹೊರಗೇ ನಿಂತರು. ಬೇರೆ ಯಾವುದೂ ಬೆರೆಯದ ಗಮನವೇ ಪ್ರಾರ್ಥನೆ ಎಂಬುದು ಅವರ ಚಿಂತನೆಯ ತಿರುಳು. ಇದನ್ನು ಒಪ್ಪಿದರೆ, ನೋಟ ಒಂದು ಕಡೆ, ಪ್ರಾರ್ಥನೆ ಇನ್ನೊಂದು ಕಡೆ ಎಂಬ ವಿಭಾಗವೇ ಸಡಿಲವಾಗುತ್ತದೆ. ಕೊಲ್ಮಾರಿನ ಚಿತ್ರದ ಮುಂದೆ ಮೈಮರೆತು ನಿಂತ ನಾಸ್ತಿಕ, ಜಪಮಾಲೆಯನ್ನು ಎಣಿಸುತ್ತ ಗಡಿಯಾರ ನೋಡುವ ಭಕ್ತನಿಗಿಂತ ಪ್ರಾರ್ಥನೆಗೆ ಹತ್ತಿರವಿದ್ದಾನೆ. ಆ ಜಾಗಕ್ಕೆ ಪ್ರವಾಸಿಯಿಂದ ಹಾನಿಯಾಗುವುದಿದ್ದರೆ ಅದು ಅವನ ಅವಸರದಿಂದ, ಅವಿಶ್ವಾಸದಿಂದಲ್ಲ.

ಚರ್ಚಿನ ಕಾನೂನು ಕೂಡ ಬಾಗಿಲನ್ನು ತೆರೆದೇ ಇಟ್ಟಿದೆ. ಕ್ಯಾಥೊಲಿಕ್ ಚರ್ಚಿನ 1983ರ ಕಾನೂನು ಸಂಹಿತೆಯ 1221ನೆಯ ವಿಧಿಯಂತೆ ಪೂಜೆ ನಡೆಯುವಾಗ ಚರ್ಚಿನ ಪ್ರವೇಶ ಮುಕ್ತವಾಗಿರಬೇಕು, ಉಚಿತವಾಗಿರಬೇಕು. ಆಂಗ್ಲಿಕನ್ನರಲ್ಲೂ ಇದೇ ವಾಡಿಕೆ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಹಗಲು ಸಮಾಧಿಗಳನ್ನು ನೋಡಲು ಟಿಕೆಟ್ ಕೊಳ್ಳಬೇಕು. ಸಂಜೆಯ ಗಾನಪ್ರಾರ್ಥನೆಗೆ ಟಿಕೆಟ್ ಇಲ್ಲ, ಯಾವ ಧರ್ಮದವರೆಂದು ಕೇಳುವವರಿಲ್ಲ. ಯುರೋಪು ನೋಡಲು ಹೋಗುವ ದಂಪತಿ ಪಟ್ಟಿಯಿಂದ ಎರಡು ಚರ್ಚುಗಳನ್ನು ಬಿಟ್ಟರೂ ಪರವಾಗಿಲ್ಲ, ಒಂದರಲ್ಲಾದರೂ ಪೂಜೆಯ ಹೊತ್ತಿಗೆ ಹೋಗಿ, ಹಿಂದಿನ ಸಾಲಿನಲ್ಲಿ ಕುಳಿತು, ಕೊನೆಯ ತನಕ ಇದ್ದು ಬರಬೇಕು.