ಗಾಲಿಯ ಅಂಕೆ

ಒಬ್ಬನೇ ಕೂತು ಆಡುವ ಆಟದಲ್ಲಿ ಮೋಸ ಎಂಬುದು ಇರಲು ಸಾಧ್ಯವೇ? ಎದುರಾಳಿ ಇಲ್ಲ, ಪಣಕ್ಕಿಟ್ಟ ಹಣವಿಲ್ಲ, ನೋಡುವವರೂ ಇಲ್ಲ. ಒಂಟಿಯಾಗಿ ಇಸ್ಪೀಟು ಹರಡಿಕೊಂಡವರು ಮಗುಚಿಟ್ಟ ಎಲೆಯೊಂದನ್ನು ಕದ್ದು ನೋಡಿದರೆ ಯಾರ ಗಂಟೂ ಹೋಗುವುದಿಲ್ಲ. ಆದರೂ ಕೈ ಒಂದು ಕ್ಷಣ ಹಿಂಜರಿಯುತ್ತದೆ. ಆ ಹಿಂಜರಿಕೆ ಎಲ್ಲಿಂದ ಬರುತ್ತದೆ ಎಂದು ಕೇಳಲು ನನಗೆ ನೆಪವಾಗಿರುವುದು ರೈಲು ಓಡಿಸುವ ಒಂದು ಕಂಪ್ಯೂಟರ್ ಆಟ.

ಓಪನ್ ರೈಲ್ಸ್ ಎಂಬ ಉಚಿತ ಸಿಮ್ಯುಲೇಟರ್ ಇದೆ. ಅದರಲ್ಲಿ ಪ್ರತಿ ಎಂಜಿನ್ನಿಗೂ ಒಂದೊಂದು ಫೈಲು. ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು, ತಿದ್ದಲೂಬಹುದು. ತೂಕ, ಶಕ್ತಿ, ಬ್ರೇಕಿನ ಗುಣ ಎಲ್ಲವೂ ಅಲ್ಲಿ ಅಂಕೆಗಳಾಗಿ ಕೂತಿರುತ್ತವೆ. ಗಾಲಿಗೂ ಹಳಿಗೂ ನಡುವಿನ ಹಿಡಿತವನ್ನು ಹೇಳುವ ಸಾಲೂ ಅಲ್ಲಿರುತ್ತದೆ. ಕರ್ಟಿಯಸ್-ಕ್ನಿಫ್ಲರ್ ಎಂಬ ಹಳೆಯ ಜರ್ಮನ್ ಸೂತ್ರ ಅದಕ್ಕೆ ಆಧಾರ. ಆ ಸೂತ್ರದ ಪ್ರಕಾರ ಒಣ ಹಳಿಯ ಮೇಲೆ ನಿಂತಿರುವ ಎಂಜಿನ್ನಿನ ಹಿಡಿತ ಸುಮಾರು 0.33, ಗಂಟೆಗೆ 100 ಕಿ.ಮೀ. ವೇಗದಲ್ಲಿ 0.21. ಮಳೆ ಬಂದರೆ ಇನ್ನೂ ಕಡಿಮೆ.

ಇಷ್ಟು ಸಣ್ಣ ಅಂಕೆಯಿಂದ ಏನಾಗುತ್ತದೆ ಎನ್ನುವವರು ನನ್ನ ಜೊತೆ ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದ ಘಾಟಿ ಹತ್ತಬೇಕು. 55 ಕಿ.ಮೀ. ದಾರಿ, 57 ಸುರಂಗಗಳು, 50 ಅಡಿಗೆ 1 ಅಡಿ ಏರು. ಅಂಥ ಏರಿನಲ್ಲಿ ಪ್ರತಿ ಟನ್ ತೂಕವನ್ನು ಮೇಲಕ್ಕೆಳೆಯಲು 20 ಕಿಲೋ ಬಲ ಬೇಕು. ನಮ್ಮ ಗೂಡ್ಸ್ ಗಾಡಿಗಳನ್ನು ಎಳೆಯುವ ಡಬ್ಲ್ಯುಡಿಜಿ-4 ಡೀಸೆಲ್ ಎಂಜಿನ್ನಿನ ತೂಕ 126 ಟನ್. ಹಿಡಿತ 0.33 ಇದ್ದರೆ ಅದು ಹಳಿಯ ಮೇಲೆ ಹಾಕಬಲ್ಲ ಬಲ 41 ಟನ್ನಿಗೂ ತುಸು ಹೆಚ್ಚು, 0.2ಕ್ಕೆ ಇಳಿದರೆ ಬರೀ 25. ಉಳಿದ ತಡೆಗಳನ್ನೆಲ್ಲ ಬಿಟ್ಟು ಏರಿನ ಲೆಕ್ಕ ಮಾತ್ರ ಹಿಡಿದರೂ, ಒಣ ಹಗಲಿನಲ್ಲಿ ತನ್ನ ತೂಕವೂ ಸೇರಿ 2,000 ಟನ್ ಹೊತ್ತು ಹತ್ತುವ ಎಂಜಿನ್ನು ಮಳೆಯಲ್ಲಿ 1,250ಕ್ಕೇ ಸುಸ್ತು. ಶಕ್ತಿ ಅಷ್ಟೇ ಇದೆ, ಹಿಡಿತ ಇಲ್ಲ. ಗಾಲಿ ನಿಂತಲ್ಲೇ ಗಿರಗಿರ ತಿರುಗುತ್ತದೆ. ನಿಜವಾದ ಘಾಟಿಯಲ್ಲಿ ಇದಕ್ಕಾಗಿಯೇ ಹಳಿಗೆ ಮರಳು ಸುರಿಸುತ್ತಾರೆ, ಹಿಂದಿನಿಂದ ನೂಕಲು ಬ್ಯಾಂಕರ್ ಎಂಜಿನ್ನುಗಳನ್ನು ಜೋಡಿಸುತ್ತಾರೆ. ಲೋಕೊ ಪೈಲಟ್ ಕೈಯಲ್ಲಿ ಥ್ರಾಟಲ್ ಇದೆ, ಮರಳಿದೆ. ಅಂಕೆ ಮಾತ್ರ ಅವರ ಕೈಯಲ್ಲಿಲ್ಲ.

ನಮ್ಮ ಕೈಯಲ್ಲಿದೆ. ಗಾಡಿ ಏರಿನಲ್ಲಿ ನಿಂತಿತೇ, ಫೈಲು ತೆರೆದು ಆ ಸಾಲನ್ನು ತಿದ್ದಿ ಹಿಡಿತವನ್ನು 0.33ರಿಂದ 0.42ಕ್ಕೆ ಏರಿಸಿದರೆ ಮುಗಿಯಿತು.

ಇದು ಮೋಸವೇ? ಅವಸರದಲ್ಲಿ ಹೌದು ಎನ್ನಬೇಡಿ. ಎಸಿ ಮೋಟಾರುಗಳ ಹೊಸ ಎಂಜಿನ್ನುಗಳು ಆ ಹಳೆಯ ಸೂತ್ರ ಹೇಳುವುದಕ್ಕಿಂತ ಹೆಚ್ಚು ಹಿಡಿತ ಸಾಧಿಸುತ್ತವೆ. ಡಬ್ಲ್ಯುಡಿಜಿ-4 ಕೂಡ ಅದೇ ಜಾತಿಯದು. ಹಾಗಾಗಿ 0.42 ನಿಜಕ್ಕೆ ಇನ್ನೂ ಹತ್ತಿರದ ಅಂಕೆಯೇ ಇರಬಹುದು. ಈಗ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬಳು ಎಂಜಿನ್ನಿನ ವಿವರಗಳನ್ನು ಓದಿ, ಲೆಕ್ಕ ಹಾಕಿ 0.42 ಎಂದು ಬರೆದಳು. ಇನ್ನೊಬ್ಬ ಗಾಡಿ ಹತ್ತಲಿಲ್ಲವೆಂದು ಸಿಟ್ಟಾಗಿ, ಹತ್ತುವ ತನಕ ಏರಿಸುತ್ತ ಹೋಗಿ 0.42ರಲ್ಲಿ ನಿಂತ. ಎರಡು ಫೈಲುಗಳನ್ನು ಅಕ್ಕಪಕ್ಕ ಇಟ್ಟರೆ ಒಂದು ಚುಕ್ಕೆಯ ವ್ಯತ್ಯಾಸವೂ ಇಲ್ಲ. ಆದರೂ ಅವಳು ಹೇಳಿದ್ದು ಎಂಜಿನ್ನಿನ ಬಗ್ಗೆ, ಅವನು ಹೇಳಿದ್ದು ತನ್ನ ಆಸೆಯ ಬಗ್ಗೆ. ಅವನ ಅಂಕೆ ಸರಿಯಾಗಿದ್ದರೆ ಅದು ಅದೃಷ್ಟ. ನಾಳೆ ಬೇರೆ ಎಂಜಿನ್ನಿಗೆ ಇದೇ ದಾರಿ ಹಿಡಿದರೆ ಆ ಅದೃಷ್ಟ ಜೊತೆಗೆ ಬರುವುದಿಲ್ಲ.

ಎದುರಾಳಿ ಇಲ್ಲ ಎಂದೆನಲ್ಲ, ಆ ಮಾತನ್ನು ಇಲ್ಲಿ ಸ್ವಲ್ಪ ತಿದ್ದಬೇಕು. ಗಾಲಿ ಜಾರುವುದೇ ಬೇಡ ಎಂದು ಸರಳ ಭೌತಶಾಸ್ತ್ರದ ಆಯ್ಕೆ ಒತ್ತಿ ಆಡುವ ಮಗು ಯಾರಿಗೂ ಸುಳ್ಳು ಹೇಳುತ್ತಿಲ್ಲ. ಅದು ರೈಲಾಟ ಆಡುತ್ತಿದೆ, ಅಷ್ಟೆ. ಆದರೆ ಫೈಲಿಗೆ ಡಬ್ಲ್ಯುಡಿಜಿ-4 ಎಂದು, ದಾರಿಗೆ ಸಕಲೇಶಪುರ ಎಂದು ಹೆಸರಿಟ್ಟ ಕೂಡಲೇ ಆಟದೊಳಗೆ ಇನ್ನೊಬ್ಬರು ಬಂದು ಕೂರುತ್ತಾರೆ: ಆ ಹೆಸರಿನ ನಿಜವಾದ ಎಂಜಿನ್ನು, ಆ ಹೆಸರಿನ ಒದ್ದೆ ಹಳಿ. ಕೈ ಹಿಂಜರಿಯುವುದು ಅವುಗಳ ಎದುರಿಗೆ ಎಂದು ನನಗನ್ನಿಸುತ್ತದೆ.

ಕಷ್ಟವನ್ನೇ ನಿಜವೆಂದು ನಂಬುವವರ ಪಂಗಡವೂ ಒಂದಿದೆ. ಹಿಡಿತವನ್ನು ವಿಪರೀತ ಇಳಿಸಿ, ಪ್ರತಿ ತಿರುವಿನಲ್ಲೂ ಗಾಲಿ ಜಾರಿಸಿ, ಇದೇ ಅಸಲಿ ಎಂದು ಬೀಗುವವರು. ಅವರದೂ ಆಸೆಯೇ, ದಿಕ್ಕು ಬೇರೆ. ಜಗತ್ತು ನಮ್ಮ ಶೌರ್ಯಕ್ಕೆ ತಕ್ಕಷ್ಟು ಕಠಿಣವಾಗಿರಬೇಕೆಂದು ಏನೂ ಇಲ್ಲ. ಜಾರುವುದು ಎಂದರೆ ಸೋಲು ಎಂಬುದೂ ಪೂರ್ತಿ ಸರಿಯಲ್ಲ. ಗಾಲಿಯ ಅಂಚು ಗಾಡಿಗಿಂತ ಕೂದಲೆಳೆಯಷ್ಟಾದರೂ ಹೆಚ್ಚು ವೇಗದಲ್ಲಿ ತಿರುಗಿದರೇನೇ ಎಳೆತ ಹುಟ್ಟುವುದು. ಒಂದಿಷ್ಟೂ ಜಾರದ ಗಾಲಿ ಏನನ್ನೂ ಎಳೆಯುವುದಿಲ್ಲ. ಹೊಸ ಎಂಜಿನ್ನುಗಳ ಎಲೆಕ್ಟ್ರಾನಿಕ್ಸ್ ಮಾಡುವುದು ಆ ಜಾರಿಕೆಯನ್ನು ಅಂಕೆಯಲ್ಲಿಡುವ ಕೆಲಸವನ್ನು. ಕನ್ನಡದಲ್ಲಿ ಎಣಿಕೆಗೂ ಹತೋಟಿಗೂ ಅಂಕೆ ಎಂಬ ಒಂದೇ ಪದ ಇರುವುದು ಇಂಥ ಕಡೆ ಎಷ್ಟು ಅನುಕೂಲ!

ಇದೆಲ್ಲ ಬರೀ ಆಟವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ನನ್ನ ಪಿಎಚ್.ಡಿ. ವೃಷಭಾವತಿಯ ಮಳೆನೀರಿನ ಮೇಲೆ. ರಾಜಾಜಿನಗರ, ವಿಜಯನಗರಗಳ ಮೇಲೆ ಬಿದ್ದ ಮಳೆ ರಾಜಕಾಲುವೆಗಳಲ್ಲಿ ಇಳಿದು, ಮೈಸೂರು ರಸ್ತೆಯ ಪಕ್ಕದಲ್ಲಿ ಕೆಂಗೇರಿಯತ್ತ ಹರಿಯುತ್ತದೆ. ಅಲ್ಲಿಯೂ ಒಂದು ಅಂಕೆ ಇದೆ: ಕಾಲುವೆಯ ತಳ ಎಷ್ಟು ಒರಟು ಎಂದು ಹೇಳುವ ಮ್ಯಾನಿಂಗ್ ಗುಣಾಂಕ. ನಯವಾದ ಕಾಂಕ್ರೀಟಿಗೆ ಸುಮಾರು 0.013. ಹೂಳು, ಪ್ಲಾಸ್ಟಿಕ್, ಗಿಡಗಂಟಿ ತುಂಬಿದರೆ ಅದರ ಎರಡು ಮೂರು ಪಟ್ಟು. ಕಂಪ್ಯೂಟರಿನಲ್ಲಿ 0.013 ಎಂದು ಕೊಟ್ಟರೆ ನೀರು ಸರಾಗ ಹರಿದುಹೋಗುತ್ತದೆ, ಮಟ್ಟ ಏರುವುದಿಲ್ಲ, ದಡದ ಮನೆಗಳು ನಕ್ಷೆಯಲ್ಲಿ ಒಣಗಿರುತ್ತವೆ. ಆ ಅಂಕೆ ಬರೆಯಲು ಬೇಕಾದದ್ದು ಒಂದು ಕೀಲಿ ಒತ್ತುವಷ್ಟು ಶ್ರಮ. ಗಾಡಿ ಹತ್ತಲಿ ಎಂದು ಒತ್ತುವ ಕೀಲಿಯೇ ಅದು, ಬೆರಳೂ ಅದೇ.

ಅದಕ್ಕೆ ನಾನು ಗುಣಾಂಕಗಳ ಪಟ್ಟಿಯಲ್ಲಿ ಒಂದು ಕಾಲಂ ಹೆಚ್ಚಿಗೆ ಇಟ್ಟಿದ್ದೇನೆ, ‘ಯಾಕೆ’ ಎಂದು. ಕೆಲವು ಮನೆಗಳು ತುಂಬಿವೆ: ಎಡಗೋಡೆ ಕಲ್ಲು, ಬಲಗೋಡೆ ಕಾಂಕ್ರೀಟು, ತಳದಲ್ಲಿ ಮೊಣಕಾಲೆತ್ತರ ಹೂಳು. ಕೆಂಗೇರಿ ಹತ್ತಿರದ ಎರಡು ತುಂಡುಗಳ ಮುಂದೆ ಇನ್ನೂ ಖಾಲಿ. ಕೂತಲ್ಲೇ ಅವನ್ನು ತುಂಬುವಂತಿಲ್ಲ. ಮುಂದಿನ ಮಳೆ ನಿಂತ ಮೇಲೆ ಕಾಲುವೆಯ ಪಕ್ಕ ನಡೆದು ನೋಡಿ ಬರಬೇಕು.